ರವಿಗೆ ಗೀಟು, ಸೋಮನಿಗೆ ಜಾಗ

ಇವತ್ತು ಬೆಳಿಗ್ಗೆ ಎದುರು ಮನೆಯವರು ಮಗನ ಮದುವೆಯ ಪತ್ರಿಕೆ ಕೊಟ್ಟು ಹೋದರು. ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದ, ಮಸಿಯ ವಾಸನೆ ಇನ್ನೂ ಆರದ ಪತ್ರಿಕೆ. ಬೇರೆಯವರಾದರೆ ಮೊದಲು ಹುಡುಗಿ ಯಾವ ಊರವಳು ಎಂದು ನೋಡುತ್ತಾರೆ, ಆಮೇಲೆ ಊಟ ಎಲ್ಲಿ ಎಂದು. ನಾನು ಅದನ್ನು ಹಿಡಿದುಕೊಂಡು ನೇರ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದೆ. ತಾರೀಖಿನ ಮೇಲೊಂದು ಬೆರಳು, ವಾರದ ಮೇಲೊಂದು ಬೆರಳು. ಎರಡೂ ಹೊಂದಿಕೊಂಡವು. ಆಮೇಲೇ ಉಸಿರು ಬಿಟ್ಟದ್ದು. ಅಡುಗೆಮನೆಯಿಂದ ಅವ್ವನ ದನಿ ಬಂತು: "ಎಲ್ಲಾ ಬರೋಬ್ಬರಿ ಐತೇನ್ರಿ ಸಾಹೇಬ್ರ? ಅವರು ಮದುವಿ ಮಾಡಬಹುದೋ?"

ನಗುವುದಾದರೆ ನೀವೂ ನಗಿ. ಆದರೆ ಈ ಚಟಕ್ಕೆ ಒಂದು ಕಾರಣವಿದೆ, ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಪದವನ್ನು ನಿಮಗೆ ಪರಿಚಯ ಮಾಡಿಕೊಡಬೇಕು.

ಆತು. ಎರಡೇ ಅಕ್ಷರ. ಗದಗ-ಬೆಟಗೇರಿಯಲ್ಲಿ ದಿನಕ್ಕೆ ಇದನ್ನು ಎಷ್ಟು ಸಲ ಹೇಳುತ್ತೇವೆಂದು ಲೆಕ್ಕ ಇಟ್ಟವರಿಲ್ಲ. ಕೆಲಸ ಮುಗಿದರೆ ಆತು. ಕೆಲಸ ಮಾಡುತ್ತೇನೆ ಎಂದು ಒಪ್ಪಿಕೊಂಡರೂ ಆತು. 'ರೊಟ್ಟಿ ಬಡಿಯೋದು ಆತು' ಎಂದರೆ ರೊಟ್ಟಿ ಬುಟ್ಟಿಯಲ್ಲಿವೆ ಎಂದರ್ಥ. 'ರೊಟ್ಟಿ ಬಡಿಯವಾ' ಎಂದದ್ದಕ್ಕೆ 'ಆತು' ಎಂದರೆ ಹಿಟ್ಟು ಇನ್ನೂ ಗಿರಣಿಯಲ್ಲೇ ಇದೆ ಎಂದರ್ಥ. ಒಂದೇ ಪದದೊಳಗೆ ಆಗಿಹೋದದ್ದೂ ಇದೆ, ಆಗಲಿರುವುದೂ ಇದೆ. ಈಗ ಆಗುತ್ತಿರುವುದು ಮಾತ್ರ ಇಲ್ಲ. ಮೈಗಳ್ಳರಿಗೆ ಇಷ್ಟು ಅಚ್ಚುಕಟ್ಟಾದ ಮನೆಯನ್ನು ಬೇರೆ ಯಾವ ಸೀಮೆಯ ಮಾತು ಕಟ್ಟಿಕೊಟ್ಟೀತು? ಆ ಮನೆಯಲ್ಲಿ ನಾನು ಬಹಳ ವರ್ಷ ಸುಖವಾಗಿ ಬಾಳಿದವಳು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಚೀಟಿಯಲ್ಲಿ ಏನು ಬರುತ್ತದೋ ಅದೇ ಆ ಮಧ್ಯಾಹ್ನದ ಮಟ್ಟಿಗೆ ನನ್ನ ನಂಬಿಕೆ. ಒಮ್ಮೆ 'ಕೆಲಸವನ್ನು ನಾಳೆಗೆ ತಳ್ಳುವುದು ಜಾಣತನ' ಎಂಬ ವಿಷಯ ಬಂತು. ನಾನು ಪರ. ಇವತ್ತು ಮಾಡಬೇಕೆಂದುಕೊಂಡ ಕೆಲಸಗಳಲ್ಲಿ ಅರ್ಧ ನಾಳೆಯ ಹೊತ್ತಿಗೆ ತಾವಾಗಿಯೇ ಬೇಡವಾಗುತ್ತವೆ, ಆದ್ದರಿಂದ ತಳ್ಳುವವನು ಅರ್ಧ ಆಯುಷ್ಯ ಉಳಿಸುತ್ತಾನೆ ಎಂದು ವಾದಿಸಿ ಒಂದು ಸ್ಟೀಲ್ ಡಬ್ಬಿ ಗೆದ್ದೆ. ಆ ಭಾಷಣವನ್ನು ತಯಾರಿಸಿದ್ದು ಸ್ಪರ್ಧೆಗೆ ಹೋಗುವ ಬಸ್ಸಿನಲ್ಲಿ. ನನ್ನ ವಾದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಸುಧಾರಿಸಲು ಯತ್ನಿಸಲಿಲ್ಲವೆಂದು ತಿಳಿಯಬೇಡಿ. ಮುಂಜಾನೆ ಐದಕ್ಕೆ ಏಳಿ, ಬದುಕು ಬದಲಾಗುತ್ತದೆ ಎಂದು ಕೂಗುವ ವಿಡಿಯೋಗಳನ್ನು ಬಹಳ ನೋಡಿದ್ದೇನೆ, ಎಲ್ಲವನ್ನೂ ಹಾಸಿಗೆಯಲ್ಲೇ, ಒಂಬತ್ತು ಗಂಟೆಗೆ. ಒಮ್ಮೆ ನಾಲ್ಕು ಬಣ್ಣದ ಪೆನ್ನು ತಂದು ವೇಳಾಪಟ್ಟಿ ಬರೆದೆ. ಬರೆಯಲು ಮೂರು ದಿನ ಹಿಡಿಯಿತು. ಅಷ್ಟು ಚೆಂದ ಬಂದದ್ದನ್ನು ಪಾಲಿಸಿ ಕೆಡಿಸಲು ಮನಸ್ಸಾಗಲಿಲ್ಲ.

ಹೀಗಿರುವಾಗ ಗಿರಿಜಕ್ಕನ ಮದುವೆ ನಿಶ್ಚಯವಾಯಿತು. ಗಿರಿಜಕ್ಕ ನಮ್ಮ ದೊಡ್ಡಪ್ಪನ ಮಗಳು. ಬೆಟಗೇರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಎರಡು ಓಣಿ ಅಂತರ. ವರ ಮುಂಡರಗಿಯವನು. ನಿಶ್ಚಯವಾಯಿತು ಎಂದೆನಲ್ಲ, ಅದು ಮೂರನೆಯ ಸಲ. ಮೊದಲನೆಯ ಸಲ ಅಕ್ಕನೇ ನರ್ಸಿಂಗ್ ಓದು ಮುಗಿಯಲಿ ಎಂದು ಒಂದು ವರ್ಷ ಮುಂದೆ ಹಾಕಿಸಿದಳು. ಎರಡನೆಯ ಸಲ ವರನ ಅಜ್ಜ ತೀರಿಕೊಂಡರು. ಎರಡಕ್ಕೂ ನ್ಯಾಯವಾದ ಕಾರಣವಿತ್ತು. ಆದರೆ ಊರಿಂದೂರಿಗೆ ಹೋದದ್ದು ಕಾರಣವಲ್ಲ, 'ಮುಂದ ಹೋತಂತ' ಎಂಬ ಮಾತು. ಅದರ ಬಾಲಕ್ಕೆ ಒಬ್ಬೊಬ್ಬರು ಒಂದೊಂದು ಕಟ್ಟಿದರು: ಹುಡುಗಿಗೆ ಮನಸ್ಸಿಲ್ಲವಂತೆ, ಹುಡುಗನಿಗೆ ಏನೋ ಇದೆಯಂತೆ.

ಈ ಸಲ ರವಿವಾರ ಎಂದು ಗೊತ್ತಾಗಿತ್ತು. ಶಿರಹಟ್ಟಿಯ ಮಂಟಪಕ್ಕೆ ಸುಣ್ಣ ಹೊಡೆಸುವುದಿದ್ದು ಆ ದಿನ ಸಿಗಲಿಲ್ಲ, ಎರಡೂ ಮನೆಯವರು ಕೂತು ಮರುದಿನ ಸೋಮವಾರಕ್ಕೆ ಒಪ್ಪಿಕೊಂಡರು. ಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲವಾದ್ದರಿಂದ ಯಾರಿಗೂ ಸುದ್ದಿಯಿಲ್ಲ. ಗದಗಿನಲ್ಲಿ ಪ್ರೆಸ್ ನಡೆಸುವ ಈರಪ್ಪ ಕಾಕಾ, ದೊಡ್ಡಪ್ಪನ ಹಳೆಯ ಗೆಳೆಯ, ಹೊಸ ಕರಡನ್ನು ನನ್ನ ಫೋನಿಗೆ ಕಳಿಸಿದರು. ಯಾಕೆ ನನಗೆ? 'ಅಕ್ಷರದಾಗ ತಪ್ಪು ಹಿಡಿಯೋದ್ರಾಗ ಈ ಮನ್ಯಾಗ ನನ್ನ ಬಿಟ್ಟ ಯಾರದಾರ?' ಎಂದು ಎಲ್ಲರೆದುರು ಹೇಳಿದವಳು ನಾನೇ. ಕಾಕಾ ಬರೆದಿದ್ದರು: "ತಾರೀಖ ಬದಲಿ ಮಾಡೀನಿ. ನೋಡಿ ಹೇಳವಾ." ನಾನು ಗೆಳತಿಯರ ಜೊತೆ ಮಿರ್ಚಿ ತಿನ್ನುತ್ತಿದ್ದೆ, ಬೆರಳಿಗೆ ಎಣ್ಣೆ. ಒಂದೇ ಬೆರಳಲ್ಲಿ ಒತ್ತಿದೆ: "ಆತ್ರಿ ಕಾಕಾ."

ನನ್ನ ಅರ್ಥ, ನೋಡುತ್ತೇನೆ ಎಂದು. ಅವರ ಅರ್ಥ, ನೋಡಿದ್ದಾಯಿತು ಎಂದು. ಮರುದಿನ ನೋಡಿದರಾಯಿತೆಂದುಕೊಂಡೆ. ಮರುದಿನದ ಹೊತ್ತಿಗೆ ನಾನೂರು ಪತ್ರಿಕೆ ಅಚ್ಚಾಗಿದ್ದವು.

ದೊಡ್ಡಪ್ಪ ಕೆಲಸದಲ್ಲಿ ಬಿರುಸು. ನಾಲ್ಕೇ ದಿನಕ್ಕೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ನೂರಾ ನಲವತ್ತು ಮನೆಗೆ ಪತ್ರಿಕೆ ಮುಟ್ಟಿಸಿ ಬಂದರು. ಐದನೆಯ ದಿನ ಬೆಳ್ಳಟ್ಟಿಯ ನೆಂಟರಿಂದ ಫೋನು: "ಅಲ್ರೀ, ನಿಮ್ಮ ಪತ್ರಿಕ್ಯಾಗ ತಾರೀಖ ಸೋಮವಾರದ್ದೈತಿ, ವಾರ ಮಾತ್ರ ರವಿವಾರ ಅಂತೈತಿ. ನಮ್ಮ ಮನ್ಯಾಗ ಜಗಳ ಹತ್ತೇತಿ. ನನ್ನ ಹೆಂಡ್ತಿ ತಾರೀಖ ಖರೆ ಅಂತಾಳ, ನಮ್ಮವ್ವ ವಾರ ಖರೆ ಅಂತಾಳ. ಎಂದ ಬರೂಣು?"

ನೋಡಿ, ಇದು ಸಣ್ಣ ತಪ್ಪಲ್ಲ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಬದುಕುವುದು ವಾರ ಹಿಡಿದು: ಸಂತೆ ಯಾವ ವಾರ, ಎತ್ತಿಗೆ ಬಿಡುವು ಯಾವ ವಾರ. ತಾರೀಖು ಹಿಡಿದು ಬದುಕುವವರು ಸಂಬಳದವರು, ಸಾಲೆಯವರು. ಒಂದೇ ಮನೆಯಲ್ಲಿ ಅರ್ಧ ಜನ ರವಿವಾರ ಬಂದು ಖಾಲಿ ಮಂಟಪ ನೋಡಿ ತಿರುಗಿ ಹೋದರೆ, ಉಳಿದರ್ಧ ಸೋಮವಾರ ಬರುವಂಥ ಪತ್ರಿಕೆಯದು.

ಆ ಸಂಜೆ ದೊಡ್ಡಪ್ಪನ ಪಡಸಾಲೆಯಲ್ಲಿ ನನ್ನ ವಿಚಾರಣೆ. "ಪ್ರೂಫ್ ನೋಡಿದವರು ಯಾರು?" ಎಂದರು ದೊಡ್ಡಪ್ಪ. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಎದ್ದು ನಿಂತು, ಮೈಕು ಒಂದಿಲ್ಲ ಅಷ್ಟೇ, ವಾದ ಶುರುಮಾಡಿದೆ. 'ಆತು' ಪದಕ್ಕೆ ಎರಡು ಅರ್ಥ. ಕೇಳಿದ್ದು 'ನೋಡಿ ಹೇಳು' ಎಂದು, 'ನೋಡಿದಿಯಾ' ಎಂದಲ್ಲ. ಆಜ್ಞೆಗೆ ಬರುವ ಉತ್ತರ ಒಪ್ಪಿಗೆಯೇ ಹೊರತು ವರದಿಯಲ್ಲ. ಆದ್ದರಿಂದ ತಪ್ಪು ಅರ್ಥ ಮಾಡಿಕೊಂಡವರದ್ದು. ಸ್ಪೀಕರಿನಲ್ಲಿದ್ದ ಈರಪ್ಪ ಕಾಕಾ, "ನಾ ಪ್ರೆಸ್ ಹಚ್ಚಿದಾಗಿಂದ 'ಆತು' ಅಂದ್ರ 'ಹೊಡಿ' ಅಂತನ ಅರ್ಥವಾ ನನ್ನವ್ವ" ಎಂದರು. ನಾನು ಅದಕ್ಕೂ ಪ್ರತಿವಾದ ಹೂಡಿದೆ.

ಬಾಗಿಲಿಗೆ ಒರಗಿ ನಿಂತಿದ್ದ ಗಿರಿಜಕ್ಕ ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ನಿನ್ನ ವಾದ ಬರೋಬ್ಬರಿ ಐತಿ ಬಿಡ. ನೀನ ಗೆದ್ದಿ. ಈಗ ನನ್ನ ಮದುವಿಗೆ ಮಂದಿ ಯಾವತ್ತ ಬರಬೇಕು, ಅದನ್ನಷ್ಟ ಹೇಳು."

ಅಷ್ಟು ಸ್ಪರ್ಧೆಗಳಲ್ಲಿ ಯಾವ ಎದುರಾಳಿಯೂ ನನ್ನನ್ನು ಹಾಗೆ ಕೂರಿಸಿರಲಿಲ್ಲ.

ಕೂತಲ್ಲಿಂದಲೇ ಒಂದು ಉಪಾಯ ಹೇಳಿದೆ: ಎಲ್ಲರಿಗೂ ವಾಟ್ಸಪ್ ಮಾಡೋಣ, 'ಮದುವೆ ರವಿವಾರವಲ್ಲ, ಸೋಮವಾರ' ಎಂದು. ದೊಡ್ಡವ್ವ ಹಣೆ ಬಡಿದುಕೊಂಡಳು. "ಹಂಗ ಕಳಸು, ಸಂಜಿಮುಂದ ಅಡರಕಟ್ಟಿಯಿಂದ ಬೆಳ್ಳಟ್ಟಿ ಮಟಾ 'ಗಿರಿಜಾನ ಮದುವಿ ಮತ್ತ ಮುಂದ ಹೋತಂತ' ಅಂತ ಡಂಗುರಾ ಆಗಿರ್ತೈತಿ. ಒಂದಿನಾ ಅಂತ ಯಾರ ಕೇಳ್ತಾರ?"

ಗಿರಿಜಕ್ಕ ನನ್ನ ಪಕ್ಕ ಬಂದು ಕೂತಳು. "ಮಂದಿ ಕಡಿಮಿ ಬಂದ್ರೂ ನಡೀತೈತಿ. ಆ ಮಾತು ಮಾತ್ರ ಇನ್ನೊಮ್ಮೆ ನನ್ನ ಕಿವಿಗೆ ಬೀಳಬಾರ್ದು ನೋಡು. ಎರಡ ಸಲಾ ಕೇಳಿ ಸಾಕಾಗೇತಿ." ಅವಳು ನಗುತ್ತಲೇ ಹೇಳಿದಳು. ನಗು ಗಲ್ಲದವರೆಗೆ ಬಂದಿತ್ತು, ಕಣ್ಣಿಗೆ ಏರಿರಲಿಲ್ಲ.

ಕೊನೆಗೆ ತೀರ್ಮಾನವಾದದ್ದು ಇಷ್ಟು. ಹಂಚದೆ ಉಳಿದದ್ದನ್ನು ಮನೆಯಲ್ಲೇ ತಿದ್ದಬಹುದು; ಹಂಚಿದ ಪತ್ರಿಕೆ ಕಾಲಿನಲ್ಲಿ ನಡೆದು ಹೋಗಿದೆ, ತಿದ್ದುಪಡಿಯೂ ಕಾಲಿನಲ್ಲೇ ನಡೆದು ಹೋಗಬೇಕು. ಒಂದೊಂದೇ ಮನೆಗೆ ಹೋಗಿ, ಪತ್ರಿಕೆ ಇಸಿದುಕೊಂಡು, ನನ್ನ ಕೈಯಾರೆ ತಿದ್ದಿ, ತಪ್ಪು ಯಾರದೆಂದು ನನ್ನ ಬಾಯಾರೆ ಹೇಳಿ ಬರಬೇಕು. ಜೊತೆಗೆ ದೊಡ್ಡವ್ವ, ಕುಂಕುಮದ ಭರಣಿಯೊಂದಿಗೆ. ಹೆಣ್ಣುಮಕ್ಕಳು ಎರಡನೆಯ ಸಲ ಕರೆಯಲು ಬಂದರೆಂದರೆ ಅದು ಮರ್ಯಾದೆ, ಗುಮಾನಿಯಲ್ಲ. ನಾನು ತಲೆಯಾಡಿಸಿ "ಆತು" ಎಂದೆ.

"ಯಾವ ಆತು ಬೇ?" ಎಂದಳು ದೊಡ್ಡವ್ವ. ಆ ಸಂಜೆ ಪಡಸಾಲೆಯಲ್ಲಿ ಮೊದಲ ಸಲ ಎಲ್ಲರೂ ನಕ್ಕರು.

ಮರುದಿನ ಮುಂಜಾನೆ ನನ್ನ ಸ್ಕೂಟಿ ಅಡರಕಟ್ಟಿಯ ದಾರಿ ಹಿಡಿಯಿತು. ಮೊದಲ ಮನೆಯಲ್ಲಿ ಚಾಪೆ ಹಾಸಿದರು. ಚಹಾ ಬಂತು, ಹುರಿದ ಶೇಂಗಾ ಬಂತು, ಅವರ ಎಮ್ಮೆ ಈದ ಕತೆ ಬಂತು. ನಾನು ಎಮ್ಮೆಯ ಬಗ್ಗೆ ಮೂರು ಪ್ರಶ್ನೆ ಕೇಳಿದೆ. ಒಂದು ತಾಸಿನ ಮೇಲೆ ಕೈಮುಗಿದು ಹೊರಬಂದೆವು. ಗೇಟಿನ ಹತ್ತಿರ ದೊಡ್ಡವ್ವ ನಿಂತಳು. "ಹೇಳಿದಿ?" ಇಲ್ಲ. ಪೆನ್ನು ಚೀಲದಲ್ಲೇ ಇತ್ತು. ಮಾತಿನ ನಡುವೆ ಸರಿಯಾದ ಸಂದರ್ಭ ಬರಲಿ ಎಂದು ಕಾಯುತ್ತಿದ್ದೆ ಎಂದು ವಿವರಿಸಿದೆ.

"ಸಂದರ್ಭ ಬರಾಕ ಅದೇನ ಹುಬ್ಬಳ್ಳಿ ಬಸ್ಸೇನು?" ಎಂದಳು ದೊಡ್ಡವ್ವ. "ಬಾಗಲದಾಗ ಕಾಲಿಡೂದಕ್ಕ ಮೊದಲ ಪೆನ್ನಿನ ಟೊಪಗಿ ತಗದ ಕೈಯಾಗ ಹಿಡಿ. ಮೊದಲ ತಪ್ಪು, ಆಮ್ಯಾಲ ಚಾ. ನಡಿ ಒಳಗ."

ಈಗಷ್ಟೇ ಹೊರಬಂದ ಮನೆಗೆ ಮತ್ತೆ ತಿರುಗಿ ಹೋಗಿ, ತೆರೆದ ಪೆನ್ನು ಹಿಡಿದು ನಿಂತೆ. ಮನೆಯೊಡತಿ ಗಾಬರಿಯಾಗಿ ಪೆನ್ನು ನೋಡಿದಳು, ನನ್ನನ್ನು ನೋಡಿದಳು. ಒಂದೇ ಉಸಿರಿಗೆ ಹೇಳಿದೆ: "ಮದುವಿ ಸೋಮವಾರನ ಐತ್ರಿ, ಮುಂದ ಹೋಗಿಲ್ಲ. ಪತ್ರಿಕಿ ನೋಡೋ ಕೆಲಸಾ ನಂದಿತ್ತು, ನಾ ನೋಡಲಿಲ್ಲ. ತಪ್ಪು ನಂದು." ಅಷ್ಟಕ್ಕೆ ಮುಗಿಯಿತು. ಅವಳು ಹೋಗಿ ಪತ್ರಿಕೆ ತಂದಳು, ನಾನು 'ರವಿ'ಗೆ ಗೀಟು ಹೊಡೆದು ಮೇಲೆ 'ಸೋಮ' ಎಂದು ಬರೆದೆ. 'ವಾರ' ಇದ್ದಲ್ಲೇ ಇತ್ತು. ಎರಡಕ್ಷರ ತೆಗೆದು ಎರಡಕ್ಷರ ಹಾಕುವ ಕೆಲಸ. ಸೂರ್ಯನನ್ನು ತೆಗೆದು ಚಂದ್ರನನ್ನು ಕೂರಿಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಒಂದು ತಾಸು ಎಮ್ಮೆಯನ್ನು ಹೊಗಳುತ್ತಿರಲಿಲ್ಲ.

ಆಮೇಲೆ ಒಂಬತ್ತು ದಿನ ಇದೇ ನನ್ನ ಉದ್ಯೋಗ. ಎಂಥೆಂಥ ಮನೆಗಳು! ಲಕ್ಷ್ಮೇಶ್ವರದ ಒಬ್ಬ ನಿವೃತ್ತ ಮಾಸ್ತರರು ವಾರವನ್ನು ತಾವೇ ತಿದ್ದಿದ್ದಷ್ಟೇ ಅಲ್ಲ, ಕೆಂಪು ಶಾಯಿಯಲ್ಲಿ ಇನ್ನೂ ಮೂರು ಕಾಗುಣಿತದ ತಪ್ಪು ಗುರುತಿಸಿ, ಕೆಳಗೆ ಹತ್ತಕ್ಕೆ ಆರು ಅಂಕ ಕೊಟ್ಟಿದ್ದರು. ಶಿರಹಟ್ಟಿಯ ಒಂದು ಮನೆಯಲ್ಲಿ ಪತ್ರಿಕೆ ದೇವರ ಜಗಲಿಯ ಮೇಲಿತ್ತು. ಕಾಲು ತೊಳೆದು ಬಾ ಎಂದರು, ತೊಳೆದು ಹೋಗಿ ದೇವರೆದುರೇ ತಪ್ಪೊಪ್ಪಿಕೊಂಡೆ. ದೇವರ ವಿಷಯದಲ್ಲಿ ನನಗೆ ನನ್ನವೇ ಆದ ಆಕ್ಷೇಪಗಳಿವೆ, ಅವತ್ತು ಮಂಡಿಸಲಿಲ್ಲ. ಬೆಳ್ಳಟ್ಟಿಯಲ್ಲಿ ಓದು ಬಾರದ ಅಜ್ಜಿಯೊಬ್ಬಳು ಪೂರ್ತಿ ಪತ್ರಿಕೆ ಗಟ್ಟಿಯಾಗಿ ಓದಿಸಿದಳು, ತಪ್ಪಿನ ಜಾಗ ಬಂದಾಗ "ಹಾಂ, ಇಲ್ಲೇ ನೋಡು ಕಳ್ಳ ಕುಂತಾನ" ಎಂದು ಬೆರಳಿಟ್ಟಳು. ಇನ್ನೊಂದು ಮನೆಯ ಜಾಣ ಗೃಹಸ್ಥರು ಬುದ್ಧಿ ಓಡಿಸಿ ವಾರವನ್ನು ಬಿಟ್ಟು ತಾರೀಖನ್ನೇ ರವಿವಾರಕ್ಕೆ ತಿದ್ದಿಬಿಟ್ಟಿದ್ದರು. ಅವರ ತಿದ್ದುಪಡಿಯನ್ನು ತಿದ್ದಿ ಬಂದೆ.

ಎಲ್ಲ ಕಡೆ ಇದೇ ಉತ್ಸಾಹ ಇತ್ತೆಂದುಕೊಳ್ಳಬೇಡಿ. ಐದನೆಯ ದಿನ ಮುಂಡರಗಿ ದಾರಿಯಲ್ಲಿ ಬಿಸಿಲು ನೆತ್ತಿಗೇರಿತ್ತು, ಗುಡ್ಡದ ಮೇಲಿನ ಗಾಳಿಯಂತ್ರಗಳು ಕೂಡ ತಿರುಗಲು ಬೇಸರಪಟ್ಟು ನಿಂತಿದ್ದವು. ನಾನು ಗಾಡಿ ನಿಲ್ಲಿಸಿ ವಾದ ಹೂಡಿದೆ. ಇನ್ನೂ ಹನ್ನೊಂದು ದಿನ ಇದೆ. ಈ ಏಳು ಮನೆ ನಾಳೆ ಮಾಡಿದರೆ ಪೆಟ್ರೋಲೂ ಉಳಿಯುತ್ತದೆ. ದಣಿದ ಮುಖದಲ್ಲಿ ಕರೆದರೆ ಕರೆದಂತೆಯೂ ಆಗುವುದಿಲ್ಲ. ಒಳ್ಳೆಯ ವಾದ, ಇವತ್ತಿಗೂ ಅದರಲ್ಲಿ ತೂತು ಕಾಣಿಸುವುದಿಲ್ಲ. ದೊಡ್ಡವ್ವ ಹಿಂದಿನ ಸೀಟಿನಿಂದ ಇಳಿಯಲೇ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ನೀ ಮಾತಾಡೂದು ಮುಗಿಸಿ ಬಾ. ನಾ ಗಾಡಿ ಮ್ಯಾಲ ಕುಂತಿರ್ತೀನಿ."

ಏನು ಮಾಡುತ್ತೀರಿ ಹೇಳಿ? ಎದುರಾಳಿ ಮಾತಾಡಿದರೆ ಸೋಲಿಸಬಹುದು. ಬಿಸಿಲಲ್ಲಿ ಸುಮ್ಮನೆ ಕೂತವಳನ್ನು ಹೇಗೆ ಸೋಲಿಸುವುದು? ಏಳು ಮನೆಯೂ ಅವತ್ತೇ ಮುಗಿದವು.

ಆ ಏಳರಲ್ಲಿ ಮೂರನೆಯದರಿಂದ ನಾಲ್ಕನೆಯದಕ್ಕೆ ನಡೆಯುವಾಗ ನನಗೊಂದು ವಿಷಯ ಹೊಳೆಯಿತು. ನಾನು ಜಾತಕವನ್ನು ನಂಬಿದವಳಲ್ಲ. ಭಾಷಣಕಾರರನ್ನು, ಜಾಹೀರಾತನ್ನು, ಪಾಠ ಹೇಳಿದ ಮಾಸ್ತರರನ್ನು ಕೂಡ ಪ್ರಶ್ನೆ ಕೇಳದೆ ಬಿಟ್ಟವಳಲ್ಲ. ಆದರೆ ಒಬ್ಬಳನ್ನು ಮಾತ್ರ ಒಂದೇ ಒಂದು ಪ್ರಶ್ನೆ ಕೇಳದೆ ನಂಬಿದ್ದೆ: ನಾಳೆಯ ನನ್ನನ್ನು. ಅವಳು ನನಗಿಂತ ಬೇಗ ಏಳುತ್ತಾಳೆ, ಅವಳಿಗೆ ದಣಿವಿಲ್ಲ, ಅವಳು ಎಲ್ಲವನ್ನೂ ನೋಡಿಕೊಳ್ಳುತ್ತಾಳೆ. ಅವಳನ್ನು ಕಂಡವರಾರು? ಸಾಕ್ಷಿ ಎಲ್ಲಿ? ಪ್ರತಿದಿನ ಬೆಳಿಗ್ಗೆ ಎದ್ದು ಬಂದದ್ದು ನಿನ್ನೆಯ ಇದೇ ಹುಡುಗಿ, ಕೆದರಿದ ಅದೇ ಕೂದಲಿನಲ್ಲಿ. ಇಷ್ಟು ದೊಡ್ಡ ಮೂಢನಂಬಿಕೆಯನ್ನು ಮನೆಯೊಳಗಿಟ್ಟುಕೊಂಡು ನಾನು ಊರವರ ಮೂಢನಂಬಿಕೆಯ ಮೇಲೆ ಭಾಷಣ ಮಾಡುತ್ತಿದ್ದೆ.

ಮನೋಬಲ ಬೆಳೆಯಿತು ಎಂದೆಲ್ಲ ನಾನು ಹೇಳುವುದಿಲ್ಲ. ನನ್ನ ಮನಸ್ಸು ಅಂದೂ ಇಂದೂ ಅಷ್ಟೇ ಸೋಮಾರಿ. ಬದಲಾದದ್ದು ದೂರ ಮಾತ್ರ. ಮೊದಲು ಕೆಲಸಕ್ಕೂ ನನಗೂ ನಡುವೆ ಒಂದು ದಿನದ ದಾರಿ ಇತ್ತು; ಈಗ ಒಂದು ಪೆನ್ನಿನ ಟೊಪಗಿಯಷ್ಟು. ಅದನ್ನು ತೆಗೆದ ಮೇಲೆ ಕೈ ತಾನಾಗಿಯೇ ಬರೆಯುತ್ತದೆ, ಇಲ್ಲವಾದರೆ ಶಾಯಿ ಒಣಗುತ್ತದೆ. ಮತ್ತೊಂದು ಗುಟ್ಟು: 'ತಪ್ಪು ನಂದು' ಎಂಬುದು ಮೊದಲ ಹತ್ತು ಮನೆಯಲ್ಲಿ ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗಿತ್ತು. ಐವತ್ತು ದಾಟಿದ ಮೇಲೆ ಹಗುರಾಯಿತು. ನೂರರ ಹೊತ್ತಿಗೆ ನನಗೆ ಅದರಲ್ಲಿ ಒಂಥರ ಹುರುಪೇ ಬಂದಿತ್ತು, ದೊಡ್ಡವ್ವ "ಸಾವಕಾಶ ಬೇ, ಪ್ರಶಸ್ತಿ ತಗೊಳ್ಳಾಕ ಬಂದೀಯೇನು?" ಎಂದು ಗದರುವಷ್ಟು.

ಮದುವೆಯ ಹಿಂದಿನ ದಿನ, ಅಂದರೆ ಆ ರವಿವಾರ, ನಾವೆಲ್ಲ ಶಿರಹಟ್ಟಿಯಲ್ಲಿ ಮಂಟಪದ ಎದುರಿನ ನೆಂಟರ ಮನೆಯಲ್ಲಿ ಇಳಿದಿದ್ದೆವು. ಬೆಳಗಿನಿಂದ ನಾನು ಮಂಟಪದ ಬಾಗಿಲನ್ನೇ ಕಾಯುತ್ತಿದ್ದೆ. ಹನ್ನೆರಡಾಯಿತು, ನೆಂಟರು ಯಾರೂ ಇಲ್ಲ. ಎರಡಾಯಿತು, ಯಾರೂ ಇಲ್ಲ. ಮೂರಕ್ಕೆ ಒಬ್ಬ ಮುದುಕರು, ತಲೆಗೆ ಸುತ್ತಿದ ಬಿಳಿ ಪಟಗ, ಕೈಯಲ್ಲಿ ಚೀಲ, ಬಸ್ಸಿಳಿದು ನೆಟ್ಟಗೆ ಮಂಟಪದ ಕಡೆಗೇ ಬಂದರು. ಹರ್ತಿಯ ಅಜ್ಜ. ಆರನೆಯ ದಿನ ಅವರ ಮನೆಗೆ ನಾನೇ ಹೋಗಿದ್ದೆ, ನಾನೇ ತಿದ್ದಿದ್ದೆ. ಮತ್ತೇಕೆ ಇವತ್ತೇ ಬಂದರು? ಕಿಟಕಿಯಲ್ಲಿ ನಿಂತಿದ್ದ ಗಿರಿಜಕ್ಕನೂ ಅವರನ್ನು ನೋಡಿದಳು. ಅವಳ ಮುಖವನ್ನು ನೋಡದೆ ನಾನು ಓಡಿದೆ.

"ಅಜ್ಜಾ, ಮದುವಿ ನಾಳೆ ಐತ್ರಿ! ಸೋಮವಾರ!"

"ಗೊತ್ತೈತಿ ಬಿಡವಾ," ಎಂದರು ಅಜ್ಜ, ಚೀಲ ನನ್ನ ಕೈಗೆ ಕೊಡುತ್ತ. "ನೀ ಅಷ್ಟ ದೂರದಿಂದ ಬಂದು, ತಪ್ಪು ನಂದು ಅಂತ ಹೇಳಿ ಹೋದಿ. ನನ್ನ ಮೊಮ್ಮಕ್ಕಳು ಒಬ್ಬರರ ಹಂಗ ಅಂದಾರೇನು ಇಲ್ಲೀತನಾ? ಈ ಹುಡುಗಿ ಮನಿ ಮದುವಿ ಅಂದ್ರ ಒಂದಿನಾ ಮೊದಲ ಹೋಗೂಣು, ಕಾಯಿಪಲ್ಲೆ ಹೆಚ್ಚಾಕರ ಆಕ್ಕೈತಿ ಅಂತ ಬಂದೆ. ಈಳಿಗಿ ಎಲ್ಲೈತಿ?"

ಹಿಂದೆ ತಿರುಗಿ ನೋಡಿದರೆ ಗಿರಿಜಕ್ಕ ಕಿಟಕಿಯ ಸರಳಿಗೆ ಹಣೆಯಿಟ್ಟು ನಗುತ್ತಿದ್ದಳು. ಈ ಸಲ ನಗು ಕಣ್ಣಿಗೂ ಏರಿತ್ತು. ಅಜ್ಜ ಸಂಜೆಯವರೆಗೆ ಕೂತು ಒಂದು ಬುಟ್ಟಿ ಬದನೆಕಾಯಿ ಹೆಚ್ಚಿದರು. ಮರುದಿನ ಸೋಮವಾರ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ, ಬೆಳ್ಳಟ್ಟಿಯ ಅತ್ತೆ ಸೊಸೆ ಇಬ್ಬರೂ ಒಂದೇ ದಿನ, ಒಂದೇ ಟ್ರ್ಯಾಕ್ಸ್ ಜೀಪಿನಲ್ಲಿ ಬಂದಿಳಿದರು. ಅಕ್ಷತೆ ಬಿದ್ದ ಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಕೇಳಿದಳು: "ಯಾರರ ಆ ಮಾತು ಅಂದ್ರೇನು?" ಇಲ್ಲ ಎಂದೆ. ಯಾರೂ ಅಂದಿರಲಿಲ್ಲ.

ಊಟವಾದ ಮೇಲೆ ಈರಪ್ಪ ಕಾಕಾ ಎಲೆ ಅಡಿಕೆ ಹಾಕಿಕೊಂಡು ನನ್ನನ್ನು ಒಂದು ಕಡೆ ಕರೆದರು. "ತಂಗಿ, ನಿನಗೊಂದು ಹೇಳಬಾರದ್ದ ಹೇಳ್ತೀನಿ, ಸಿಟ್ಟಾಗಬ್ಯಾಡ" ಎಂದು ಫೋನು ನನ್ನ ಕಿವಿಗೆ ಹಿಡಿದರು. ದೊಡ್ಡಪ್ಪನ ದನಿ. ನಾನು 'ಆತ್ರಿ' ಎಂದು ಒತ್ತುವ ಮೊದಲೇ ಕಾಕಾಗೆ ರೆಕಾರ್ಡ್ ಮಾಡಿ ಕಳಿಸಿದ್ದು: "ಈರಪ್ಪಾ, ಕರಡು ನಾನೂ ಕಣ್ಣಾಡಿಸೀನಿ. ಎಲ್ಲಾ ಬರೋಬ್ಬರಿ ಐತಿ. ಆ ಹುಡುಗಿ ಒಮ್ಮೆ ಹೂಂ ಅಂತಂದ್ರ ಹೊಡದಬಿಡು." ಮದುಮಗಳ ತಂದೆ, ಮದುವೆ ಮನೆಯಲ್ಲಿ ಅವರ ಮುಖ ಕೆಡಿಸಬಾರದೆಂದು ಕಾಕಾ ಬಾಯಿ ಮುಚ್ಚಿಕೊಂಡಿದ್ದರು. ನಾನು ಆ ದನಿಯನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಚರ್ಚಾಸ್ಪರ್ಧೆಯ ಹುಡುಗಿ ಸಾಕ್ಷಿ ಬಿಟ್ಟು ಬರುವಳೇ?

ಅದಾಗಿ ಎರಡು ವರ್ಷ. ದೊಡ್ಡಪ್ಪ ಇವತ್ತಿಗೂ ಯಾವ ನೆಂಟರು ಬರಲಿ, ನನ್ನನ್ನು ತೋರಿಸಿ ಆ ಕತೆ ಹೇಳುತ್ತಾರೆ, ಪ್ರತಿ ಸಲ ಹೊಸದಾಗಿ ಒಂದು ಎಳೆ ಸೇರಿಸಿ. "ಪತ್ರಿಕಿ ನೋಡು ಅಂದ್ರ ಮಿರ್ಚಿ ನೋಡಿದಾಕಿ ಇಕಿ." ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅವರೂ ಬರೀ ಕಣ್ಣಾಡಿಸಿ ಬಿಟ್ಟರು ಎಂಬುದು ನಿಜ. ಆದರೆ ಅವರು ನೋಡದೆ ನೋಡಿದೆ ಎಂದದ್ದರಿಂದ ನಾನು ನೋಡಿದಂತಾಗುವುದಿಲ್ಲ, ಇದೂ ತರ್ಕವೇ. ನೂರಾ ನಲವತ್ತು ಮನೆಗಳಲ್ಲಿ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.

ಈ ಎರಡು ವರ್ಷದಲ್ಲಿ ಬಹಳ ಕೆಲಸಗಳನ್ನು ಆಯಾ ದಿನವೇ ಮಾಡಿ ಮುಗಿಸಿದ್ದೇನೆ, ಅವ್ವನನ್ನು ಕೇಳಿ ಬೇಕಾದರೆ. ಇವತ್ತು ಸಂಜೆ ಐದಕ್ಕೆ ದೊಡ್ಡಪ್ಪ ನಮ್ಮ ಮನೆಗೆ ಬರುವವರಿದ್ದಾರೆ, ಜೊತೆಗೆ ಧಾರವಾಡದಿಂದ ಬಂದ ಹೊಸ ನೆಂಟರು. ಕತೆ ಬಂದೇ ಬರುತ್ತದೆ. ಫೋನು ನನ್ನ ಕೈಯಲ್ಲೇ ಇರುತ್ತದೆ, ಒಂದು ಬೆರಳು ಒತ್ತಿದರೆ ಸಾಕು, ಗೆಲುವು ನನ್ನದು.

ಒತ್ತುತ್ತೇನೆ. ನಾಳೆ.